ಮೀಟರಿನವರು ಹುಡುಕಿಕೊಟ್ಟ ಏರುದಾರಿ

ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಳಿತು ಹುಣಸೆಹುಳಿ ಹಚ್ಚಿ ದೀಪ ತಿಕ್ಕುತ್ತಿದ್ದೆ. ಶುಕ್ರವಾರಕ್ಕೆ ದೀಪ ಹೊಳೆಯಬೇಕು, ಅದು ನಮ್ಮ ಅತ್ತೆಯವರು ಹಾಕಿಕೊಟ್ಟ ಕ್ರಮ. ಕುಳಿತದ್ದು ನೆಲದ ಮೇಲಲ್ಲ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ನನ್ನ ಎಡಗಾಲಿನ ಗಂಟು ನೆಲಕ್ಕೆ ಹೋದರೆ ಮೇಲೆ ಬರಲು ಒಪ್ಪುವುದಿಲ್ಲ. ಬಲಗಾಲು ಇನ್ನೂ ಹೇಳಿದ ಮಾತು ಕೇಳುತ್ತದೆ, ದೇವರು ದೊಡ್ಡವನು.

ಇವರು ಒಳಗಿನಿಂದ ಫೋನು ಹಿಡಿದುಕೊಂಡು ಬಂದರು. ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂದಿತ್ತು, ಅದರ ಕೆಳಗೆ ಒಂದು ಹೆಸರು.

"ಮೀಟರಿನವರು ತೀರಿಹೋದರಂತೆ. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ" ಎಂದರು.

ನಾನು ಕೈ ಒರೆಸಿಕೊಂಡು ಫೋಟೋ ನೋಡಿದೆ. ಹೌದು, ಅವರೇ. "ಕೆಳಗೆ ಇದು ಯಾರ ಹೆಸರು?" ಎಂದು ಕೇಳಿದೆ.

"ಅವರದ್ದೇ."

ಮೂವತ್ತೊಂದು ವರ್ಷದ ಪರಿಚಯದಲ್ಲಿ ಅವರಿಗೆ ಒಂದು ಹೆಸರಿದೆ ಎಂದು ನನಗೆ ತಿಳಿದದ್ದು ಅವತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಕಡೆಯವರು ಯಾರೋ ಬೇರೆಯವರ ವಿಷಯ ಎಂದುಕೊಂಡಾರು.

ನಾನು ಮದುವೆಯಾಗಿ ಕಾಸರಗೋಡಿಗೆ ಬಂದಾಗ ಅವರು ಕರೆಂಟಿನ ಮೀಟರ್ ಓದಲು ಬರುತ್ತಿದ್ದರು. ನಮ್ಮಲ್ಲಿ ಎರಡು ತಿಂಗಳಿಗೊಮ್ಮೆ ರೀಡಿಂಗ್. ಕಪ್ಪು ಕೊಡೆ, ಚಿಕ್ಕ ಟಾರ್ಚು, ಉದ್ದನೆಯ ಪುಸ್ತಕ. ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಅವರಿಗೆ ಮನುಷ್ಯರು ನೆನಪಿರುತ್ತಿದ್ದದ್ದು ಮೀಟರು ಇರುವ ಜಾಗದಿಂದ. ನಾನು "ಜಗಲಿ ಮೀಟರಿನ ಅಕ್ಕ". ನಮ್ಮ ಎದುರುಮನೆಯ ಹೆಡ್ಮಾಷ್ಟ್ರು "ಸೌದೆಕೊಟ್ಟಿಗೆ ಮೀಟರಿನವರು". ಹೆಡ್ಮಾಷ್ಟ್ರಿಗೆ ಇದು ಸರಿ ಬರಲಿಲ್ಲ. ದುಡ್ಡು ಖರ್ಚು ಮಾಡಿ ಮೀಟರನ್ನು ಜಗಲಿಗೆ ತರಿಸಿದರು. ಅಂದಿನಿಂದ ಅವರು "ಮೊದಲು ಸೌದೆಕೊಟ್ಟಿಗೆಯಲ್ಲಿದ್ದ ಮೀಟರಿನವರು" ಆದರು.

ಯಾರ ಮನೆಯಲ್ಲಿ ಏನು ನಡೆಯುತ್ತದೆ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ.

"ನೆಂಟರು ಬಂದು ಹೋದ್ರಾ?" ಎನ್ನುವರು, ಮೀಟರಿನ ನಂಬರು ನೋಡಿ.

"ನಿಮಗೆ ಯಾರು ಹೇಳಿದ್ದು?"

"ಗ್ರೈಂಡರ್ ಹೇಳಿತು."

ಇದನ್ನು ಹೇಳುವಾಗ ನಗುತ್ತಿರಲಿಲ್ಲ. ಅವರು ನಕ್ಕದ್ದನ್ನು ನಾನು ನೋಡಿಲ್ಲ. ನೋಡಿದವರು ಉಂಟು ಎಂದು ಕೇಳಿದ್ದೇನೆ.

ರಿಟೈರ್ ಆದ ಮೇಲೂ ಅವರ ಕಾಲು ಕೇಳಲಿಲ್ಲ. ಎರಡು ತಿಂಗಳಿಗೊಮ್ಮೆ ಅದೇ ದಾರಿಯಲ್ಲಿ ಅದೇ ಮನೆಗಳಿಗೆ ಬರುವರು. ಪುಸ್ತಕ ಆಫೀಸಿಗೆ ಸೇರಿತ್ತು, ಟಾರ್ಚು ಸ್ವಂತದ್ದು. ಮೀಟರಿಗೆ ಬೆಳಕು ಹಾಕಿ ನೋಡಿ, "ಸರಿ ಉಂಟು" ಎಂದು ಹೇಳಿ ಹೋಗುವರು. ಹೊಸತಾಗಿ ರೀಡಿಂಗಿಗೆ ಬರುತ್ತಿದ್ದ ಹುಡುಗಿ ಒಮ್ಮೆ ನನ್ನ ಹತ್ತಿರ, "ಆ ಅಜ್ಜ ನನ್ನನ್ನು ಪರೀಕ್ಷೆ ಮಾಡ್ಲಿಕ್ಕೆ ಬರುವುದಾ ಆಂಟೀ?" ಎಂದು ಕೇಳಿದಳು. ಅಲ್ಲ ಮಗಾ, ಅವರಿಗೆ ಬೇರೆ ದಾರಿ ಗೊತ್ತಿಲ್ಲ ಎಂದೆ. ನನ್ನ ಮಾತು ತಪ್ಪು ಎಂದು ಆಮೇಲೆ ಗೊತ್ತಾಯಿತು.

ಮೂರು ವರ್ಷದ ಹಿಂದೆ ಇವರಿಗೆ ಹೃದಯದ ಆಪರೇಶನ್ ಆಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಒಳಗೆ ಕರೆದುಕೊಂಡು ಹೋದ ಬೆಳಿಗ್ಗೆ ನಾನು ಹೊರಗಿನ ಬೆಂಚಿನಲ್ಲಿ ಕುಳಿತು ನಮ್ಮ ಗುಡ್ಡೆಯ ಅಮ್ಮನವರಿಗೆ ಹರಕೆ ಹೇಳಿದೆ. ಇವರು ನಡೆದುಕೊಂಡು ಮನೆಯ ಮೆಟ್ಟಿಲು ಹತ್ತಿದರೆ ನಾನು ನಡೆದುಕೊಂಡು ನಿನ್ನ ಹತ್ತಿರ ಬಂದು ದೀಪಕ್ಕೆ ಎಣ್ಣೆ ಹೊಯ್ಯುತ್ತೇನೆ ಎಂದು. ಅಮ್ಮ ಅವಳ ಪಾಲಿನದ್ದನ್ನು ತಡಮಾಡದೆ ಮಾಡಿಕೊಟ್ಟಳು. ಇವರು ನಡೆದುಕೊಂಡು ಬಂದರು, ಬಂದವರೇ ಬಚ್ಚಲಿನ ಲೈಟು ಯಾಕೆ ಉರಿಯುತ್ತಿದೆ ಎಂದು ಕೇಳಿದರು. ಸಿಟ್ಟು ವಾಪಸು ಬಂದದ್ದು ನೋಡಿ ನನಗೆ ಸಮಾಧಾನವಾಯಿತು.

ನನ್ನ ಪಾಲಿನದ್ದು ಬಾಕಿಯಾಯಿತು. ಆಸ್ಪತ್ರೆಯ ಮಹಡಿ ಹತ್ತಿ ಇಳಿದು ನನ್ನ ಕಾಲಿನ ಗಂಟು ಹಾಳಾಗಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, "ನಡೆಯಿರಿ, ಆದರೆ ಮೆಟ್ಟಿಲು ಮಾತ್ರ ಬೇಡ" ಎಂದರು.

ನಮ್ಮ ಪೇಟೆಯ ಬೆನ್ನಿಗಿರುವ ಗುಡ್ಡೆಯನ್ನು ನೋಡದವರಿಗೆ ಹೇಳುತ್ತೇನೆ. ತುದಿಯಲ್ಲಿ ಅಮ್ಮನವರ ಗುಡಿ. ಅದರ ಆಚೆ ನಗರಸಭೆಯವರು ಕಂಬಿ ಹಾಕಿ ಬೆಂಚು ಇಟ್ಟು ಮಾಡಿದ ವ್ಯೂ ಪಾಯಿಂಟ್. ಭಾನುವಾರ ಎಲ್ಲೆಲ್ಲಿಂದಲೋ ಜನ ಬಂದು ಕಡಲಿಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮೇಲೆ ಹೋಗಲು ಕೆಂಪು ಮುರಕಲ್ಲಿನ ಮೆಟ್ಟಿಲುಗಳು ಮುನ್ನೂರು ಚಿಲ್ಲರೆ, ಒಂದೊಂದು ಒಂದೊಂದು ಎತ್ತರ. ಇನ್ನೊಂದು ಬದಿಯಿಂದ ಕಾಂಕ್ರೀಟು ರಸ್ತೆ ಉಂಟು. ಅದು ಎಷ್ಟು ಕಡಿದಾದದ್ದು ಎಂದರೆ ರಿಕ್ಷಾದವರೇ ಅರ್ಧದಲ್ಲಿ ಜನ ಇಳಿಸಿ ಗಾಡಿಯನ್ನು ಮೇಲೆ ಕೊಂಡುಹೋಗಿ ಕಾಯುತ್ತಾರೆ.

ಗುಡಿಯ ಭಟ್ಟರು ಒಳ್ಳೆಯವರು. ತಪ್ಪುಕಾಣಿಕೆ ಹಾಕಿ ಕಾರಿನಲ್ಲಿ ಬನ್ನಿ, ಅಮ್ಮನಿಗೆ ಎಲ್ಲ ಗೊತ್ತಾಗುತ್ತದೆ ಎಂದರು. ಅಷ್ಟು ದೊಡ್ಡ ಕೆಲಸ ಮಾಡಿಸಿಕೊಂಡು ಕಾರಿನಲ್ಲಿ ಹೋಗಿ ಇಳಿಯುವುದು ನನಗೆ ಮರ್ಯಾದೆ ಅಂತ ಕಾಣಲಿಲ್ಲ. ಇವರಿಗೆ ಒಂದು ಕೆಮ್ಮು ಬಂದರೂ ಅಮ್ಮ ನೆನಪು ಮಾಡುತ್ತಿದ್ದಾಳೆ ಎಂದು ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಇವರಿಗೆ ಆಗ ಕೆಮ್ಮು ಜಾಸ್ತಿ ಇತ್ತು.

ಹೀಗಿರುವಾಗ ಮೀಟರಿನವರು ಬಂದರು. ಮೀಟರಿಗೆ ಟಾರ್ಚು ಹಾಕಿ ಸ್ವಲ್ಪ ಹೊತ್ತು ನಿಂತರು.

"ಎರಡು ಮೂರು ವಾರ ಮನೆಯಲ್ಲಿ ಯಾರೂ ಇರಲಿಲ್ಲ" ಎಂದರು.

ಇದ್ದದ್ದನ್ನೆಲ್ಲ ಹೇಳಿದೆ. ಆಪರೇಶನ್, ಹರಕೆ, ಗಂಟು. ಪಾಪ ಎನ್ನಲಿಲ್ಲ, ಎಲ್ಲ ಸರಿಯಾಗ್ತದೆ ಎನ್ನಲಿಲ್ಲ.

"ಹರಕೆ ಹೇಳುವಾಗ ಹತ್ತಿರ ಯಾರಾದ್ರೂ ಇದ್ರಾ?"

"ಯಾರೂ ಇಲ್ಲ. ಅಮ್ಮನಿಗೆ ಮಾತ್ರ ಗೊತ್ತು."

"ಹಾಗಾದ್ರೆ ಬಿಡುವ ಹಾಗಿಲ್ಲ" ಎಂದರು. ಕೊಡೆ ಬಿಡಿಸಿ, "ಮೆಟ್ಟಿಲು ಇಲ್ಲದ ದಾರಿ ಇರಲೇಬೇಕು. ನೋಡುವ" ಎಂದು ಹೋದರು.

ಅವರು ದೇವಸ್ಥಾನಕ್ಕೆ ಹೋಗುವವರಲ್ಲ. ಗುಡ್ಡೆಗೆ ಸಾವಿರ ಸಲ ಹತ್ತಿದ್ದಾರೆ, ಗುಡಿಯ ಮೀಟರು ನೋಡಲು. ಬಾಗಿಲ ಒಳಗೆ ಕಾಲಿಟ್ಟಿಲ್ಲ. ನಾನು ಒಮ್ಮೆ ಕೇಳಿದ್ದೆ, ದೇವರ ಮೇಲೆ ಸಿಟ್ಟಾ ಎಂದು. "ಸಿಟ್ಟು ಎಂತಕ್ಕೆ? ಪರಿಚಯ ಇಲ್ಲ" ಎಂದಿದ್ದರು. ಅಂಥವರು ಮಾರನೆಯ ದಿನದಿಂದ ನನ್ನ ಹರಕೆಗೋಸ್ಕರ ಗುಡ್ಡೆಯ ಸುತ್ತ ತಿರುಗತೊಡಗಿದರು. ಬೇಡ ಎನ್ನೋಣ ಎಂದರೆ ಕೈಗೆ ಸಿಗಲಿಲ್ಲ.

ಆರನೆಯ ದಿನ ಬಂದವರು ಒಂದು ನೋಟುಬುಕ್ಕು ತೋರಿಸಿದರು. ಮೀಟರಿನ ಪುಸ್ತಕದ ಹಾಗೆಯೇ ಗೆರೆ ಎಳೆದಿದ್ದರು. ಒಂದು ಸಾಲಿನಲ್ಲಿ ಜಾಗ, ಒಂದರಲ್ಲಿ ನಾಯಿ ಉಂಟೋ ಇಲ್ಲವೋ, ಕೊನೆಯ ಸಾಲಿನಲ್ಲಿ ನೂರು ಹೆಜ್ಜೆಗೆ ತಮಗೆ ಎಷ್ಟು ಸಲ ಉಸಿರು ಸಿಕ್ಕಿಕೊಂಡಿತು ಎಂಬ ಲೆಕ್ಕ. ಹಳೆಯ ಶಾಲೆಯ ಮೈದಾನದ ಹಿಂದಿನಿಂದ ಹೊರಟು ಗೇರುತೋಟಗಳ ನಡುವೆ ಗುಡ್ಡೆಯ ಬೆನ್ನಿಗೆ ಸುತ್ತು ಹಾಕಿ ಹೋಗುವ ದಾರಿ.

"ಇದು ನನ್ನ ಉಸಿರು. ನಿಮ್ಮದು ಬೇರೆ. ನಾಳೆ ನೀವು ಬನ್ನಿ. ದಿನಾ ಒಂದು ಭಜನೆ ಹೇಳ್ತೀರಲ್ಲ, ಅದನ್ನು ಹಾಡಿಕೊಂಡು ಹತ್ತಿ. ಹಾಡು ನಿಂತಲ್ಲಿ ದಾರಿ ಸರಿ ಇಲ್ಲ ಅಂತ."

"ದಾರಿಯಲ್ಲಿ ಹಾಡುವುದಾ? ಯಾರಾದ್ರೂ ಕೇಳಿದ್ರೆ?"

"ಗೇರುಹಿತ್ತಿಲಲ್ಲಿ ಯಾರು ಕೇಳುವುದು?"

"ನೀವು ಇರ್ತೀರಲ್ಲ."

"ನನಗೆ ಸಂಗೀತ ಗೊತ್ತಾಗುವುದಿಲ್ಲ. ತೊಂದರೆ ಇಲ್ಲ."

ಹಾಡಿದೆ. ನನ್ನ ಸ್ವರ ಮುರಿದಲ್ಲೆಲ್ಲ ಅವರು ಒಂದು ಕಡ್ಡಿ ನೆಟ್ಟರು. ಮೊದಲ ದಿನ ಹನ್ನೊಂದು ಕಡ್ಡಿ. ಮಾರನೆಯ ದಿನ ಹೋಗುವಾಗ ಕಡ್ಡಿ ಇದ್ದ ಜಾಗದಲ್ಲಿ ದಾರಿ ಪಕ್ಕಕ್ಕೆ ಸರಿದಿತ್ತು. ಮುಳ್ಳು ಕಡಿದು, ಕಾಲಿಡುವಷ್ಟು ಮಣ್ಣು ಕೆರೆದು ಸಮ ಮಾಡಿದ್ದರು. ನಾಲ್ಕು ದಿನದಲ್ಲಿ ಕಡ್ಡಿಗಳು ಎರಡಕ್ಕೆ ಇಳಿದವು. ಆ ಎರಡು ದಾರಿಯದ್ದಲ್ಲ, ಭಜನೆಯಲ್ಲೇ ಆ ಜಾಗದಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಹೇಳಿದೆ. ಅವರು ನಂಬಲಿಲ್ಲ. ಮನೆಯಲ್ಲಿ ಕುಳಿತು ಹಾಡಿ ತೋರಿಸಬೇಕಾಯಿತು. ಇವರು ಒಳಗಿನಿಂದ, "ಎಂತ ಆಗ್ತಾ ಉಂಟು ಅಲ್ಲಿ?" ಎಂದು ಕೇಳಿದರು.

ಗೇರುತೋಟ ಮುಗಿಯುವಲ್ಲಿ ದಾರಿ ನಿಂತಿತು. ಮುಂದೆ ನಫೀಸಾಳ ಹಿತ್ತಿಲ ಗೋಡೆ.

ನಫೀಸಾ ಗುಡ್ಡೆಯ ಬೆನ್ನಿನ ಮನೆಯವಳು. ನನಗಿಂತ ಸ್ವಲ್ಪ ಚಿಕ್ಕವಳು. ಮನೆಯ ಒಂದು ಬದಿಗೆ ಕಲ್ಲು ಕಡಿದು ಬಿಟ್ಟ ಆಳದ ಗುಂಡಿ, ಇನ್ನೊಂದು ಬದಿಗೆ ಗೋಡೆಯ ಹಾಗೆ ನಿಂತ ಗುಡ್ಡೆ. ನಡುವೆ ಸಪಾಟಾಗಿರುವುದು ಅವಳ ಹಿತ್ತಿಲು ಮಾತ್ರ. ಈ ಕಡೆಗೊಂದು ಗೇಟು, ಆ ಕಡೆಗೊಂದು ಗೇಟು. ಅಲ್ಲಿಂದಾಚೆ ಗುಡಿಯವರೆಗೆ ಮಕ್ಕಳೂ ನಡೆಯುವಂಥ ದಾರಿ. ನಮ್ಮ ಕಡೆ ಹಗಲು ಹೊತ್ತು ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಹಾದುಹೋಗುವುದಕ್ಕೆ ಯಾರೂ ಏನೂ ಹೇಳುವುದಿಲ್ಲ, ಒಂದು ಕೂಗು ಹಾಕಿದರೆ ಆಯಿತು. ನಫೀಸಾ ಕೂಡ ಹೇಳುವವಳಲ್ಲ. ಮೀಟರಿನವರಿಗೆ ಮಾತ್ರ ಆ ಗೇಟು ಮುಚ್ಚಿತ್ತು.

ಅದಕ್ಕೆ ಕಾರಣ ಮದುವೆ. ನಫೀಸಾಳ ಮಗಳ ಮದರಂಗಿಯ ದಿನ ತೆಂಗಿನ ಮರಗಳಿಗೆಲ್ಲ ದೀಪದ ಸರ ಸುತ್ತಿದ್ದರು. ಮನೆಯ ಲೈನು ಸಾಲದು ಎಂದು ತೋಟದ ಪಂಪಿನ ಶೆಡ್ಡಿನಿಂದ ವಯರು ಎಳೆದಿದ್ದರು. ನಮ್ಮಲ್ಲಿ ಮದುವೆ ಮನೆಗಳಲ್ಲಿ ಇದು ನಡೆಯುವಂಥದ್ದೇ. ಪಂಪಿನ ಕನೆಕ್ಷನಿಗೆ ದರ ಇಲ್ಲದಷ್ಟು ಕಡಿಮೆ, ನೀರು ಎತ್ತುವುದಕ್ಕೆ ಮಾತ್ರ ಅಂತ ಕೊಟ್ಟದ್ದು ಎಂದು ಯಾರೂ ಯೋಚಿಸುವುದಿಲ್ಲ. ಅವತ್ತೇ ರೀಡಿಂಗಿನ ದಿನವೂ ಆಗಿತ್ತು. ಮೀಟರಿನವರು ವಯರು ನೋಡಿದರು, ತೆಗೆಯಿರಿ ಎಂದರು. ಮದುವೆ ಕಳೆಯಲಿ ಎಂದರು ಮನೆಯವರು. ಮೀಟರಿನವರು ಪುಸ್ತಕದಲ್ಲಿ ಬರೆದುಕೊಂಡು ಹೋದರು. ಸಂಜೆ ಆಫೀಸಿನ ಜೀಪು ಬಂದು ಪಂಪಿನ ಕನೆಕ್ಷನ್ ತೆಗೆಯಿತು. ಬಂದ ನೆಂಟರು ಬಾಡಿಗೆಯ ಗ್ಯಾಸ್‌ಲೈಟಿನಲ್ಲಿ ಊಟ ಮಾಡಿದರು.

ಆಮೇಲೆ ಅವರು ರಿಟೈರ್ ಆಗುವವರೆಗೆ ಆ ಮನೆಯ ರೀಡಿಂಗ್ ನಡೆದದ್ದು ಹೀಗೆ: ಗೇಟಿನ ಹೊರಗೆ ನಿಂತು "ರೀಡಿಂಗ್" ಎಂದು ಕರೆಯುವರು. ನಫೀಸಾ ಒಳಗಿನಿಂದ ಮೀಟರು ನೋಡಿ ನಂಬರು ಕೂಗಿ ಹೇಳುವಳು. ಅವರು ಬರೆದುಕೊಂಡು ಹೋಗುವರು. ಹಾಗೆ ಬರೆಯುವುದು ಆಫೀಸಿನ ಕ್ರಮವಲ್ಲ. ಮದರಂಗಿಯ ದೀಪಕ್ಕೆ ಕ್ರಮ ಬಿಡದವರು ಇದಕ್ಕೆ ಬಿಟ್ಟಿದ್ದರು.

ನಾನೇ ಹೋಗಿ ನಫೀಸಾಳನ್ನು ಕೇಳುತ್ತೇನೆ ಎಂದೆ. "ದಾರಿ ಹುಡುಕಿದ್ದು ನಾನು. ಕೇಳುವುದೂ ನಾನೇ" ಎಂದರು. ನಾನು ಹಿಂದೆ ಹೋದೆ. ಅವರು ಗೇಟಿನ ಹೊರಗೆ ನಿಂತು ವಿಷಯ ಹೇಳಿದರು. ನಫೀಸಾ ಸೊಂಟಕ್ಕೆ ಕೈ ಇಟ್ಟು ಕೇಳಿದಳು.

"ಅವತ್ತಿನದ್ದಕ್ಕೆ ಒಂದು ಮಾತು ಹೇಳ್ಲಿಕ್ಕೆ ಉಂಟಾ ನಿಮಗೆ?"

"ಬರೆದದ್ದು ಸರಿ ಇತ್ತು."

"ಸರಿ ಅಂತ ನನಗೂ ಗೊತ್ತುಂಟು. ಸರಿ ಇದ್ದದ್ದಕ್ಕೇ ಸಿಟ್ಟು. ತಪ್ಪಿದ್ರೆ ಯಾವತ್ತೋ ಮರೆತು ಬಿಡ್ತಿದ್ದೆ."

ಮೀಟರಿನವರು ಕೊಡೆಯ ಹಿಡಿ ತಿರುಗಿಸಿದರು. ಈ ಗೇಟಿನಲ್ಲಿ ಬಿಡುವುದಿಲ್ಲ ಎಂದರೆ ನನ್ನ ಹರಕೆ ಅಲ್ಲಿಗೇ ಮುಗಿದ ಹಾಗೆ.

ನಫೀಸಾ ನನ್ನ ಕಾಲು ನೋಡಿದಳು. "ಅಕ್ಕ ಬರಲಿ. ಯಾವಾಗ ಬೇಕಾದ್ರೂ ಬರಲಿ, ಕೂಗು ಕೂಡ ಹಾಕುವುದು ಬೇಡ. ನೀವು ಬರುವುದು ಬೇಡ."

"ಆಯ್ತು" ಎಂದರು. ಅವರ ಮುಖ ನೋಡಿದೆ. ಕೆಲಸ ಆದವರ ಮುಖ.

ಬಂದ ಶುಕ್ರವಾರ ಹೊರಟೆವು. ಸೀಸೆಯಲ್ಲಿ ಎಳ್ಳೆಣ್ಣೆ, ಬಾಳೆಲೆಯಲ್ಲಿ ಕೇಪಳ ಹೂವು. ಗೇಟಿನವರೆಗೆ ಅವರು ಮುಂದೆ, ನಾನು ಹಿಂದೆ. ಗೇಟಿನ ಹತ್ತಿರ ನಿಂತು, "ನಾನು ಮೆಟ್ಟಿಲಲ್ಲಿ ಬರ್ತೇನೆ" ಎಂದು ಬಂದ ದಾರಿಯಲ್ಲೇ ಪೂರ್ತಿ ಕೆಳಗೆ ಇಳಿದರು. ಎಪ್ಪತ್ತರ ಹತ್ತಿರದ ಮನುಷ್ಯ. ನಾನು ನಫೀಸಾಳ ಹಿತ್ತಿಲಲ್ಲಿ ನಡೆದೆ, ಅವಳು ನೀರು ಕೊಟ್ಟಳು, ಆಚೆ ಗೇಟಿನಿಂದ ಹೊರಬಿದ್ದು ಭಜನೆ ಮುಂದುವರಿಸಿದೆ. ಮೇಲೆ ಹೋಗಿ ನೋಡುವಾಗ ಅವರು ಗುಡಿಯ ಹೊರಗಿನ ಕಟ್ಟೆಯಲ್ಲಿ ಕುಳಿತಿದ್ದರು. ಶರಟು ನೆನೆದು ಬೆನ್ನಿಗೆ ಅಂಟಿತ್ತು.

"ನಿಧಾನ ಆಯ್ತು ನಿಮ್ಮದು" ಎಂದರು.

ಎಣ್ಣೆ ಹೊಯ್ದೆ. ದೀಪ ಒಮ್ಮೆ ಕುಗ್ಗಿ ಮತ್ತೆ ನಿಂತು ಉರಿಯಿತು. ಏನು ಬೇಡಬೇಕೆಂದು ತೋಚಲಿಲ್ಲ. ಕೆಳಗೆ ಮನೆಯಲ್ಲಿ ಇವರು ನೆಟ್ಟಗೆ ಇದ್ದರು, ನನ್ನ ಕಾಲು ನೋಯುತ್ತಿರಲಿಲ್ಲ. ಹೊರಗೆ ಕುಳಿತವರ ಹೆಸರು ಹೇಳಿ ಒಂದು ಕುಂಕುಮಾರ್ಚನೆ ಮಾಡಿಸೋಣ ಎಂದರೆ ಹೆಸರು ಗೊತ್ತಿಲ್ಲ. ಭಟ್ಟರು ನಕ್ಷತ್ರವಾದರೂ ಹೇಳಿ ಎಂದರು. ಅದೂ ಗೊತ್ತಿಲ್ಲ. "ಮೀಟರಿನವರು ಅಂತ ಹೇಳಿ, ಅಮ್ಮನಿಗೆ ಗೊತ್ತಾಗ್ತದೆ" ಎಂದೆ. ಭಟ್ಟರು ಹಾಗೆಯೇ ಸಂಕಲ್ಪ ಮಾಡಿದರು.

ಇಳಿಯುವಾಗ ನಫೀಸಾ ಆಚೆ ಗೇಟಿನಲ್ಲಿ ಕಾಯುತ್ತಿದ್ದಳು.

"ಅವರು ಎಲ್ಲಿ?"

"ಮೆಟ್ಟಿಲಲ್ಲಿ ಇಳೀತಾ ಇದ್ದಾರೆ."

"ಈ ಬಿಸಿಲಿಗಾ?" ಎಂದಳು. ಸ್ವಲ್ಪ ಹೊತ್ತು ಗೇಟಿನ ಚಿಲಕ ಹಾಕಿ ತೆಗೆದು ಮಾಡಿದಳು. "ಅಕ್ಕ, ನಾನು ತಪ್ಪು ನಂಬರು ಹೇಳ್ಬಹುದಿತ್ತು. ಒಂದು ಸಲ ಹೇಳ್ಬೇಕು ಅಂತಲೇ ಮೀಟರಿನ ಎದುರು ನಿಂತಿದ್ದೆ. ಆ ಮನುಷ್ಯ ಹೇಳಿದ್ದನ್ನು ಹಾಗೆಯೇ ಬರೀತಾರೆ, ಒಂದು ಸಲವೂ ಇಣುಕಿ ನೋಡಿದವರಲ್ಲ. ಮತ್ತೆ ಸುಳ್ಳು ಹೇಗೆ ಹೇಳುವುದು?"

ಚಿಲಕ ತೆಗೆದು ನನ್ನನ್ನು ಒಳಗೆ ಬಿಟ್ಟಳು.

"ಬರುವ ವಾರ ಅವರೂ ಬರಲಿ. ಆದರೆ ಮೀಟರು ನೋಡ್ಲಿಕ್ಕೆ ಇಲ್ಲ ಅಂತ ಹೇಳಿ."

ಹೇಳಿದ್ದನ್ನು ಹಾಗೆಯೇ ಹೇಳಿದೆ. ಮೀಟರಿನವರು ತುಂಬ ಯೋಚಿಸಿದರು. "ಹಿಂದಿನ ಗೋಡೆಯಲ್ಲೇ ಉಂಟು ಅದು. ನೋಡದೆ ಹೋಗುವುದು ಕಷ್ಟ" ಎಂದರು. ಮುಂದಿನ ಶುಕ್ರವಾರ ಆ ಗೋಡೆಯ ಉದ್ದಕ್ಕೂ ಕೊಡೆಯನ್ನು ಅಡ್ಡಕ್ಕೆ ಹಿಡಿದು, ತಮಗೂ ಮೀಟರಿಗೂ ನಡುವೆ ಮರೆ ಮಾಡಿಕೊಂಡು ನಡೆದರು. ಬಿಸಿಲು ಇನ್ನೊಂದು ಬದಿಯಿಂದ ಬೀಳುತ್ತಿತ್ತು. ಅಡುಗೆಮನೆಯ ಒಳಗೆ ಪಾತ್ರೆ ಬಿದ್ದ ಶಬ್ದ ಕೇಳಿತು. ನಫೀಸಾ ನಗುವಾಗ ಕೈಯಲ್ಲಿದ್ದದ್ದನ್ನು ಬಿಟ್ಟುಬಿಡುವವಳು ಎಂದು ಆಮೇಲೆ ನನಗೆ ತಿಳಿಯಿತು.

ಈಗ ಶುಕ್ರವಾರ ನಾವು ಐದಾರು ಹೆಂಗಸರು ಆ ದಾರಿಯಲ್ಲಿ ಹೋಗುತ್ತೇವೆ. ಎಲ್ಲರದ್ದೂ ಒಂದಲ್ಲ ಒಂದು ಕಾಲು ಕೆಟ್ಟದ್ದೇ. ವಾರ್ಡಿನ ಮೆಂಬರು ಕೇಳಿ ಬಂದು, ಚಂದದ ಬೋರ್ಡು ಹಾಕಿಸುವ, ಟೂರಿಸ್ಟಿನವರಿಗೂ ಅನುಕೂಲ ಎಂದರು. ಮೀಟರಿನವರು, "ಬೇಡ. ಬೋರ್ಡು ಹಾಕಿದ್ರೆ ಮತ್ತೆ ಮೆಟ್ಟಿಲು ಕಟ್ಟುತ್ತೀರಿ" ಎಂದರು. ಮೆಂಬರು ನಗೆಯಾಡಿದರು. ಮೀಟರಿನವರು ನಗಲಿಲ್ಲ.

ಆ ಗುರುವಾರ ಮಧ್ಯಾಹ್ನ ನಾವಿಬ್ಬರೂ ಹೋಗಿ ಮೀಟರಿನವರನ್ನು ಕೊನೆಯ ಸಲ ನೋಡಿ ಬಂದೆವು. ಅವರು ತಮ್ಮ ತಂಗಿಯ ಮಗಳ ಮನೆಯಲ್ಲಿ ಇದ್ದರು, ಅಲ್ಲಿಯೇ ಮಲಗಿಸಿದ್ದರು. ಮುಖ ಯಾವಾಗಲೂ ಇದ್ದ ಹಾಗೆಯೇ. ನರಳಲಿಲ್ಲ, ಯಾರ ಕೈಯಲ್ಲೂ ನೀರು ಕುಡಿಸಿಕೊಳ್ಳಲಿಲ್ಲ. ಅಷ್ಟು ಸುಲಭದ ಸಾವನ್ನು ಪರಿಚಯವಿಲ್ಲದವರಿಗೂ ಕೊಡುತ್ತಾನೆ ದೇವರು.

ಬಂದು ಸ್ನಾನ ಮಾಡಿ ರಾತ್ರಿಗೆಂದು ಒಲೆಯಲ್ಲಿ ಅನ್ನಕ್ಕಿಟ್ಟೆ. ಫೋನು ಬಂತು, ನಫೀಸಾ.

"ಅಕ್ಕ, ನಾಳೆ ಮೇಲೆ ಹೋಗ್ತೀರಾ?"

"ಮನಸ್ಸಿಲ್ಲ ನಫೀಸಾ. ಈ ವಾರ ಬೇಡ ಅಂತ."

"ಮಳೆ ಹಿಡಿದ್ರೆ ಒಂದು ವಾರ ಸಾಕು, ಮುಳ್ಳು ಬಂದು ಮುಚ್ಚುತ್ತದೆ. ಮತ್ತೆ ಕಡೀಲಿಕ್ಕೆ ಯಾರು ಉಂಟು?" ಎಂದಳು. ಲೈನು ಹೋಯಿತೋ ಎಂದು ನೋಡಿದೆ, ಇತ್ತು.

"ಹೋದ ತಿಂಗಳು ಇಲ್ಲಿ ಹಾದುಹೋಗುವಾಗ ಒಂದು ಮಾತು ಹೇಳಿದ್ರು ಅವರು. ಮೇಲಿನ ಬೆಂಚಿನಲ್ಲಿ ಕೂತು ನೋಡಿದ್ರೆ ನನ್ನ ಮಗಳ ಮನೆ ಕಾಣ್ತದಂತೆ, ಕಡಲಿನ ಬದಿಗೆ, ನೀಲಿ ಶೀಟಿನದ್ದು. ಆ ಮನೆಯ ಮೀಟರೂ ಅವರೇ ನೋಡ್ತಾ ಇದ್ದದ್ದು. 'ಸಂಜೆ ಅಲ್ಲಿ ಲೈಟು ಚೆನ್ನಾಗಿ ಉರಿಯುತ್ತದೆ' ಅಂದ್ರು."

"ನೀನು ಎಂತ ಹೇಳಿದ್ದು?"

"ಎಂತದೂ ಇಲ್ಲ. ಹಸುವಿಗೆ ಹುಲ್ಲು ಹಾಕ್ತಾ ಇದ್ದೆ, ಹಾಕಿದೆ." ಮೂಗು ಎಳೆದುಕೊಂಡ ಶಬ್ದ ಕೇಳಿತು. "ಗುಡ್ಡೆಯಲ್ಲಿ ಇದ್ದು ನಾನು ಮೇಲೆ ಹೋದವಳಲ್ಲ ಅಕ್ಕ. ಬೆಂಚಿನವರೆಗೆ ನಾನೂ ಬರ್ತೇನೆ. ಸಂಜೆ ಹೋಗುವಾ, ದೀಪ ಹಚ್ಚುವ ಹೊತ್ತಿಗೆ?"

ನಾವು ಹೋಗುವುದು ಯಾವಾಗಲೂ ಬೆಳಿಗ್ಗೆ. ಸಂಜೆ ಇಳಿಯುವಾಗ ಕತ್ತಲಾಗುತ್ತದೆ, ನನ್ನ ಕಾಲು ಬೇರೆ.

"ಐದೂವರೆಗೆ ಬರ್ತೇನೆ. ನಿನ್ನಲ್ಲಿ ಟಾರ್ಚು ಉಂಟಾ?"

"ಉಂಟು."

"ಹಾಗಾದ್ರೆ ಆಯ್ತು."

ಫೋನು ಇಟ್ಟು ನೋಡುವಾಗ ಅನ್ನ ಉಕ್ಕಿ ಒಲೆಯ ಸುತ್ತ ಗಂಜಿ ಹರಿದಿತ್ತು. ಬರ್ನರಿನ ಒಳಗೆ ಹೋಗಿರಲಿಲ್ಲ, ಅಷ್ಟು ಪುಣ್ಯ. ಬೆಂಕಿ ಸಣ್ಣ ಮಾಡಿ, ಒದ್ದೆ ಬಟ್ಟೆ ತಂದು ಒರೆಸಲು ಶುರು ಮಾಡಿದೆ.